ಹುಳಿ ಹೆಪ್ಪು, ಮುರಿದ ಪಥ್ಯ

ಮೊಸರೆಲ್ಲವೂ ಒಂದೇ ಎಂದು ಆಯುರ್ವೇದವು ಭಾವಿಸುವುದಿಲ್ಲ. ಭಾವಪ್ರಕಾಶದಲ್ಲಿ ಅದನ್ನು ಮಂದ, ಸ್ವಾದು, ಸ್ವಾದ್ವಮ್ಲ, ಅಮ್ಲ, ಅತ್ಯಮ್ಲ ಎಂದು 5 ಬಗೆಯಾಗಿ ವಿಂಗಡಿಸಲಾಗಿದೆ. ಸರಿಯಾಗಿ ಹೆಪ್ಪುಗಟ್ಟದೆ ಅರೆಬರೆಯಾಗಿ ಉಳಿದುದು ಮಂದ. ಹಲ್ಲು ಜುಮ್ಮೆನ್ನುವಷ್ಟು, ಗಂಟಲು ಉರಿಯುವಷ್ಟು ಹುಳಿತುದು ಅತ್ಯಮ್ಲ. ಇವೆರಡೂ ನಿತ್ಯಸೇವನೆಗೆ ಯೋಗ್ಯವಲ್ಲ. ರಾತ್ರಿ ಮೊಸರು ಉಣ್ಣಬಾರದೆಂಬ ಚರಕರ ನಿಷೇಧವನ್ನಂತೂ ನಮ್ಮ ಹಿರಿಯರು ಗ್ರಂಥ ಓದದೆಯೇ ಪಾಲಿಸುತ್ತಿದ್ದರು.

ಹುಳಿತೇಗು, ಎದೆಯುರಿಗಳಿಂದ ಬಳಲುತ್ತಿದ್ದ ತಾಯಿಯೊಬ್ಬರು ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಿದ್ದರು. ಎರಡು ಹೊತ್ತೂ ರೊಟ್ಟಿಗೆ ಮೊಸರೇ ಆಗಬೇಕು. ರಾತ್ರಿಯ ಮೊಸರು ಬಿಡಿ, ಹಗಲು ಉಣ್ಣುವುದಾದರೆ ಸಿಹಿಮೊಸರನ್ನೇ ಉಣ್ಣಿ ಎಂದು ಹೇಳಿದಾಗ ಅವರು, “ಸಿಹಿಮೊಸರು ಎಲ್ಲಿಂದ ತರ್ಲ್ರೀ ಡಾಕ್ಟ್ರೇ, ನಮ್ಮ ಮನ್ಯಾಗ ಹೆಪ್ಪೇ ಹುಳಿ ಐತ್ರಿ” ಎಂದರು. ಹಾಲು ಹೆಚ್ಚಿಸಿದ್ದರು, ಹೆಪ್ಪು ಕಡಿಮೆ ಮಾಡಿದ್ದರು, ಕೊನೆಗೆ ಸಕ್ಕರೆಯನ್ನೂ ಬೆರೆಸಿದ್ದರು. ಒಂದು ರಾತ್ರಿ ಬೆಕ್ಕು ನೆಲುವಿಗೆ ಹಾರಿ ಮೊಸರಿನ ಗಡಿಗೆಯನ್ನು ಕೆಡವಿತು. ಹೆಪ್ಪಿಗೆಂದು ಒಂದು ಹನಿಯೂ ಉಳಿಯಲಿಲ್ಲ. ಮರುದಿನ ನೆರೆಮನೆಯಿಂದ ಒಂದು ಚಮಚ ಹೆಪ್ಪು ತಂದು ಹೊಸ ಗಡಿಗೆಯಲ್ಲಿ ಹಾಲಿಗೆ ಬೆರೆಸಿದರು. ಹದಿನೈದು ದಿನಗಳ ನಂತರ ಬಂದಾಗ ಅವರ ಉರಿ ಬಹುಮಟ್ಟಿಗೆ ಇಳಿದಿತ್ತು. ರಾತ್ರಿಯ ಮೊಸರು ಬಿಟ್ಟಿದ್ದರ ಪಾಲೂ ಅದರಲ್ಲಿದೆ. ಆದರೆ ಅವರು ಪೂರ್ಣ ಶ್ರೇಯಸ್ಸನ್ನು ಬೆಕ್ಕಿಗೇ ಕೊಟ್ಟರು.

ಇದರಲ್ಲಿ ಪವಾಡವೇನಿಲ್ಲ. ಹೆಪ್ಪು ಜೀವಂತ ವಸ್ತು. ಅದರಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಬೆಚ್ಚಗಿನ ಮೂಲೆಯಲ್ಲಿ ಮೊಸರನ್ನು ಹಾಗೆಯೇ ಬಿಟ್ಟು, ಅದರಿಂದಲೇ ಮರಳಿ ಮರಳಿ ಹೆಪ್ಪು ಹಾಕುತ್ತ ಹೋದರೆ ಹುಳಿಯನ್ನು ತಾಳಿಕೊಳ್ಳುವ ಜೀವಿಗಳೇ ಮೇಲುಗೈ ಪಡೆಯುತ್ತವೆ. ಮಣ್ಣಿನ ಗಡಿಗೆಯಾದರೆ ಅದರ ಸಣ್ಣ ರಂಧ್ರಗಳಲ್ಲಿಯೂ ಹಳೆಯ ಹುಳಿ ಉಳಿದಿರುತ್ತದೆ. ಸಕ್ಕರೆ ಬೆರೆಸಿದರೆ ನಾಲಿಗೆಗೆ ಸಿಹಿಯಾದೀತು, ಆಮ್ಲವೇನೂ ಕಡಿಮೆಯಾಗದು.

ರೋಗಿಗಳಲ್ಲಿ ಅನೇಕರು ತಮ್ಮ ಪಥ್ಯವನ್ನು ನಡೆಸುವುದೂ ಹೀಗೆಯೇ. ನಿಯಮ ತಪ್ಪಿತೆಂದರೆ ಅದರ ಮೇಲೊಂದು ಚೂರ್ಣ, ಯಾರೋ ಮೊಬೈಲಿನಲ್ಲಿ ಕಳಿಸಿದ ಕಷಾಯ, ಇನ್ನೊಬ್ಬರು ಹೇಳಿದ ಬೇರಿನ ರಸ. ಇಲ್ಲವೇ ಎಲ್ಲವನ್ನೂ ಬಿಟ್ಟುಬಿಡುವುದು. ಮಧುಮೇಹವಿದ್ದ ರೈತರೊಬ್ಬರು ಜಾತ್ರೆಯಲ್ಲಿ ಒಂದು ದಿನ ಹೋಳಿಗೆ ಉಂಡರು. ಹೇಗೂ ಪಥ್ಯ ಕೆಟ್ಟಿತು, ಇನ್ನು ಯುಗಾದಿಯಿಂದ ನೋಡಿದರಾಯಿತು ಎಂದುಕೊಂಡರು. ಪಥ್ಯದೊಡನೆ ಮಾತ್ರೆಗಳೂ ನಿಂತವು. 4 ತಿಂಗಳ ಮೇಲೆ ಬಂದಾಗ ಅಂಗಾಲಿನಲ್ಲಿ ಹುಣ್ಣು, ಅದರ ಅರಿವೂ ಅವರಿಗೆ ಸರಿಯಾಗಿ ಇರಲಿಲ್ಲ. ಒಂದು ದಿನದ ಹೋಳಿಗೆಯಿಂದ ಆ ಹುಣ್ಣು ಆಗಲಿಲ್ಲ. ಜಾತ್ರೆಯ ಮರುದಿನವೇ ಜೋಳದ ರೊಟ್ಟಿ, ಪಲ್ಯಕ್ಕೆ ಮರಳಿದ್ದರೆ ಸಾಕಿತ್ತು. ನಾಚಿಕೆಯಿಂದ ವೈದ್ಯರಿಗೆ ಮುಖ ತೋರಿಸದೆ ತಿರುಗುವವರು ನಮ್ಮಲ್ಲಿ ಬಹಳ ಜನ. ರೋಗಕ್ಕಿಂತ ಈ ನಾಚಿಕೆಯೇ ಹೆಚ್ಚು ಕೆಡಕು ಮಾಡುತ್ತದೆಂಬುದು ನನ್ನ ಅನುಭವ.

ಹೊಸದಾಗಿ ಆರಂಭಿಸುವುದನ್ನು ಶಾಸ್ತ್ರವು ಸೋಲೆಂದು ಎಣಿಸಿಲ್ಲ, ಅದಕ್ಕೊಂದು ಕ್ರಮವನ್ನೇ ಹೇಳಿದೆ. ವಮನ, ವಿರೇಚನಗಳ ನಂತರ ಜಠರಾಗ್ನಿಯು ಕ್ಷೀಣವಾಗಿರುವುದರಿಂದ ತಕ್ಷಣ ಪೂರ್ಣ ಊಟ ಕೊಡುವುದಿಲ್ಲ. ತೆಳುಗಂಜಿ, ಆಮೇಲೆ ಗಟ್ಟಿಗಂಜಿ, ಆಮೇಲೆ ಹೆಸರುಬೇಳೆಯ ಕಟ್ಟು, ಹೀಗೆ ಶುದ್ಧಿಯ ಪ್ರಮಾಣವನ್ನು ನೋಡಿ 3, 5 ಅಥವಾ 7 ದಿನಗಳಲ್ಲಿ ಎಂದಿನ ಆಹಾರಕ್ಕೆ ತರುವುದು ಸಂಸರ್ಜನ ಕ್ರಮ. ಕೆಟ್ಟ ರೂಢಿಯನ್ನು ಬಿಡುವವರಿಗೂ ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಕಾಲುಭಾಗದಂತೆ ಬಿಡುತ್ತ, ಒಳ್ಳೆಯ ರೂಢಿಯನ್ನು ಅಷ್ಟಷ್ಟೇ ಸೇರಿಸುತ್ತ ಹೋಗಲು ಸೂಚಿಸಲಾಗಿದೆ. ದಿನಕ್ಕೆ 8 ಬಾರಿ ಚಹಾ ಕುಡಿಯುವವರು ಮೊದಲು 6ಕ್ಕೆ ಇಳಿಯಲಿ. ಒಮ್ಮೆಲೇ ಪೂರ್ತಿ ಬಿಟ್ಟು ಮೂರನೆಯ ದಿನ ತಲೆನೋವೆಂದು 10 ಬಾರಿ ಕುಡಿದವರನ್ನೂ ನೋಡಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಪ್ಪು ಬದಲಿಸಿದ ತಾಯಿ ಹಸುವನ್ನು ಮಾರಲಿಲ್ಲ. ಹೊಸ ಜೀವನ ಆರಂಭಿಸುತ್ತೇವೆಂಬ ಉತ್ಸಾಹದಲ್ಲಿ ರಕ್ತದೊತ್ತಡದ ಮಾತ್ರೆ, ಇನ್ಸುಲಿನ್, ಸ್ಟೀರಾಯ್ಡ್‌ಗಳನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಇದು ಪ್ರಾಣಕ್ಕೆ ಕುತ್ತು. ಆಯುರ್ವೇದದ ಹೆಸರಿನಲ್ಲಿ ಯಾರಾದರೂ ಹಾಗೆ ಮಾಡಿರೆಂದು ಹೇಳಿದರೂ ಕೇಳಬಾರದು. ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗುವುದೂ ಸಲ್ಲದು. ಹಲವು ದಿನ ತಪ್ಪಿದ್ದರೆ ಹಳೆಯ ಪ್ರಮಾಣವನ್ನೇ ತಾವಾಗಿ ಮತ್ತೆ ಹಿಡಿಯದೆ, ಮೊದಲು ತಮ್ಮ ವೈದ್ಯರನ್ನು ಕಾಣಬೇಕು. ಹೋಗುವಾಗ ಉಳಿದ ಮಾತ್ರೆಗಳನ್ನೂ ಹಳೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಎಷ್ಟು ದಿನ ತಪ್ಪಿದೆಯೆಂದು ಮುಚ್ಚಿಡದೆ ಹೇಳಿದರೆ ಎಲ್ಲಿಂದ ಆರಂಭಿಸಬೇಕೆಂಬುದು ಅವರಿಗೆ ಬೇಗ ತಿಳಿಯುತ್ತದೆ.