ನಾಯಕತ್ವಕ್ಕೆ ಎಡೆಗೊಡುವ ಗುರು

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಪ್ರಥಮ ಶಿಬಿರದಲ್ಲಿ ಬೇಡನ್ ಪೊವೆಲ್ಲರು ಸುಮಾರು 20 ಬಾಲಕರನ್ನು ನಾಲ್ಕು ಪಂಗಡಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬಾಲಕನೊಬ್ಬನನ್ನೇ ನಾಯಕನನ್ನಾಗಿ ನಿಯಮಿಸಿದರು. ಸ್ಕೌಟ್ ಚಳವಳಿಯ ಜೀವಾಳವಿರುವುದು ಈ ವಿಶ್ವಾಸದಲ್ಲಿಯೇ. ಡೇರೆಯ ಹಗ್ಗವನ್ನು ಶಿಕ್ಷಕರೇ ಬಿಗಿದು, ಒಲೆಯನ್ನೂ ಅವರೇ ಹೊತ್ತಿಸಿದರೆ, ಬಾಲನಾಯಕನಿಗೆ ಉಳಿಯುವುದು ಜೇಬಿನ ಮೇಲಣ ಪಟ್ಟಿ ಮಾತ್ರ.

ಹಾಗೆಂದು ಹಿರಿಯರು ಕೈಕಟ್ಟಿ ಕುಳಿತಿರಬೇಕೆಂದಲ್ಲ. ನೀರು, ಬೆಂಕಿ, ಬೆಟ್ಟದ ಹಾದಿಗಳಲ್ಲಿ ಮಕ್ಕಳ ರಕ್ಷಣೆಯ ಹೊಣೆ ಅವರದೇ. ಅನ್ನ ಸೀದರೆ ಸೀಯಲಿ, ಕೈ ಸುಡಬಾರದು. ಸೀದುದೇಕೆಂಬುದನ್ನು ಎಲ್ಲರೆದುರು ಹಳಿಯದೆ, ಸಂಜೆ ನಾಯಕರ ಸಭೆಯಲ್ಲಿ ಬಾಲಕರಿಂದಲೇ ವಿಚಾರಮಾಡಿಸಬೇಕು. ಕಲಿಸುವ ತಪ್ಪಾವುದು, ಕೆಡಿಸುವ ತಪ್ಪಾವುದು ಎಂಬ ಭೇದವನ್ನರಿತವರೇ ನಿಜವಾದ ಸ್ಕೌಟ್ ಮಾಸ್ಟರರು. ಆಜ್ಞೆ ಪಾಲಿಸಿದ ಮಾತ್ರಕ್ಕೆ ನಾಯಕರು ಹುಟ್ಟರು. ಹೊಣೆ ಹೊತ್ತಾಗಲೇ ಹುಟ್ಟುವರು.