ಮನೆಯ ಹೊಲಿಗೆ: ಮಂಚದ ಹಲಗೆಗಳಿಗೆ ಗವಸಣಿಗೆ

ಬೇವೂರಿನ ವಾಚಕ ಭಗಿನಿಯೊಬ್ಬರು ನಮಗೆ ಹೀಗೆ ಬರೆದಿರುವರು. ಅವರ ತಾಯಿಯವರು ಉಟ್ಟು ಬಿಟ್ಟುಹೋದ ಇಳಕಲ್ ಸೀರೆಯೊಂದು ಪೆಟ್ಟಿಗೆಯಲ್ಲಿ ಉಳಿದಿದೆ. ಒಡಲು ಮಡಿಕೆಮಡಿಕೆಗೂ ಹರಿದಿದೆ. ಸೆರಗಿನ ಕೆಂಪು ಮಾತ್ರ ಮಾಸಿಲ್ಲ. ಮನೆಯ ಸಾಗವಾನಿ ಮಂಚದ ತಲೆಹಲಗೆಯು ಎಣ್ಣೆಯಿಂದ ಕಪ್ಪಾಗಿರುವುದರಿಂದ, ತಲೆಯ ಕಡೆಯ ಹಲಗೆಗೂ ಕಾಲ ಕಡೆಯ ಹಲಗೆಗೂ ಆ ಸೀರೆಯ ಗವಸಣಿಗೆ ಹೊಲಿಯಬೇಕೆಂದು ಅವರ ಆಸೆ. ಅತ್ತೆಯವರು, “ತಾಯಿಯ ಸೆರಗಿಗೆ ಕತ್ತರಿ ಇಡುವಿಯಾ? ಅದನ್ನು ಕಾಲ ದೆಸೆಗೆ ಕಟ್ಟುವಿಯಾ?” ಎಂದು ತಡೆದಿರುವರಂತೆ.

ಕತ್ತರಿ ಇಡಬಹುದೆಂದೇ ನಮ್ಮ ಅಭಿಪ್ರಾಯ. ಹಳೆಯ ಸೀರೆಗಳನ್ನು ಹರಿದು ಕೌದಿ ಹೊಲಿದು ಹೊದೆಯುವ ನಾಡು ನಮ್ಮದು. ಪೆಟ್ಟಿಗೆಯಲ್ಲಿಟ್ಟ ರೇಷ್ಮೆಯು ಮಡಿಕೆಯಲ್ಲಿಯೇ ಸೀಳುವುದು. ಇನ್ನು ಹತ್ತು ವರ್ಷ ಕಾದರೆ ಸೆರಗೂ ಉಳಿಯಲಾರದು. ಆದರೆ ಎರಡನೆಯ ಮಾತಿನಲ್ಲಿ ನಾವು ಅತ್ತೆಯವರ ಪಕ್ಷವನ್ನೇ ವಹಿಸುವೆವು. ಸೆರಗು ತಲೆಗಿರಲಿ, ಕಾಲಿಗೆ ಬೇಡ.

ಕತ್ತರಿಸುವ ಮೊದಲು ಸೀರೆಯ ರಚನೆಯನ್ನು ತಿಳಿಯಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವರು. ಆ ಕೊಂಡಿಯ ಸಾಲಿನಲ್ಲಿಯೇ ಕತ್ತರಿಸಿದರೆ ಎಳೆಗಳು ಬಿಚ್ಚಿಕೊಳ್ಳುವುವು. ನಾವು ಒಮ್ಮೆ ಹಾಗೆ ಕತ್ತರಿಸಿ ಒಂದು ಸೆರಗನ್ನು ಹಾಳುಮಾಡಿಕೊಂಡು, ಮನೆಯಲ್ಲಿ ಎರಡು ದಿವಸ ತಲೆಯೆತ್ತದಂತಾಗಿದ್ದೆವು. ಆದುದರಿಂದ ಕೊಂಡಿಯಿಂದಾಚೆ ಒಡಲಿನ ನಾಲ್ಕು ಬೆರಳು ಬಟ್ಟೆಯನ್ನು ಬಿಟ್ಟೇ ಕತ್ತರಿಸತಕ್ಕದ್ದು.

ಬಳಿಕ ಸೆರಗಿನ ತುದಿಯಿಂದ ಒಂದು ಎಳೆಯನ್ನು ತೆಗೆದು ಸುಟ್ಟು ನೋಡಿರಿ. ಕೂದಲು ಸುಟ್ಟ ನಾತ ಬಂದು ಬೂದಿ ಪುಡಿಯಾದರೆ ಅಪ್ಪಟ ರೇಷ್ಮೆ. ಕಾಗದದಂತೆ ಉರಿದರೆ ಕೃತಕ ರೇಷ್ಮೆ. ಕೃತಕ ರೇಷ್ಮೆಯು ನೆನೆದಾಗ ಬಲಗುಂದುವುದರಿಂದ ಒಗೆಯುವಾಗ ಹಿಂಡಬಾರದು. ಒದ್ದೆಮಾಡಿದ ಬಿಳಿಯ ಚಿಂದಿಯಿಂದ ಒಂದು ಮೂಲೆಯನ್ನು ಒರೆಸಿ, ಬಣ್ಣ ಬಿಡುವುದೋ ಇಲ್ಲವೋ ಎಂಬುದನ್ನೂ ಪರೀಕ್ಷಿಸಿಕೊಳ್ಳಿರಿ.

ಇನ್ನು ಅಳತೆ. ಹಲಗೆಯ ಅಗಲ 36 ಅಂಗುಲ, ದಪ್ಪ ಒಂದೂವರೆ ಅಂಗುಲವೆಂದು ತಿಳಿಯೋಣ. ಸುತ್ತಳತೆ 75 ಅಂಗುಲವಾಯಿತು. ಸಡಿಲಕ್ಕೆ ಒಂದು, ಎರಡು ಬದಿಯ ಹೊಲಿಗೆಗಳಿಗೆ ಎರಡು, ಒಟ್ಟು 78. ಸೀರೆಯ ಅಗಲ 45 ಅಂಗುಲವಿದ್ದರೆ ಅದನ್ನು ಕತ್ತರಿಸದೆ ಇಡಿಯಾಗಿ ಮುಂಭಾಗಕ್ಕೆ ತೆಗೆದುಕೊಂಡು, ಹಿಂಭಾಗಕ್ಕೆ 33 ಅಂಗುಲದ ಹಳೆಯ ಧೋತರವನ್ನು ಕೂಡಿಸಿರಿ. ಹೀಗೆ ಮಾಡಿದರೆ ಎರಡೂ ದಡಿಗಳು ಉಳಿದು ಹಲಗೆಯ ಬದಿಯನ್ನು ಸುತ್ತಿ ಹಿಂದಕ್ಕೆ ಹೋಗುವುವು. ಟೋಪತೆನಿಯ ಕೆಂಪು ಬಿಳಿಯ ಪಟ್ಟಿಗಳು ಮುಂದೆ ಅಡ್ಡಲಾಗಿ ಕಾಣುವುವು. ಜೋಡಿಮಂಚಕ್ಕೆ ಈ ಅಗಲ ಸಾಲದು. ಎರಡು ಪಕ್ಕಕ್ಕೂ ಗುಳೇದಗುಡ್ಡದ ಖಣದ ಪಟ್ಟಿಯನ್ನು ಕೂಡಿಸಬಹುದು.

ಕೊಂಡಿಯು ಕೆಳಗೆ ಹಾಸಿಗೆಯ ಮರೆಯಲ್ಲಿ ಬರುವಂತೆ ಸೆರಗಿನ ತುದಿಯನ್ನು ಮೇಲಕ್ಕೆ ಇಡಬೇಕು. ಒಗೆದು ಒಣಗಿಸಿದ ಧೋತರವನ್ನೇ ಸೆರಗಿನ ಹಿಂದೆ ಅಸ್ತರವಾಗಿ ಇಟ್ಟು ಮೊದಲು ಉದ್ದ ಟಾಕು ಹಾಕಿರಿ. ಮೇಲಿನ ಎರಡು ಮೂಲೆಗಳನ್ನು ಒಳಗಿನಿಂದ ಚಿಮ್ಮಟಿಗೆಯಂತೆ ಹಿಡಿದು, ಹಲಗೆಯ ದಪ್ಪದಷ್ಟೇ, ಅಂದರೆ ಒಂದೂವರೆ ಅಂಗುಲ, ಅಡ್ಡ ಹೊಲಿದರೆ ಗವಸಣಿಗೆಯು ಚೀಲದಂತೆ ಜೋಲದೆ ಹಲಗೆಗೆ ಒಪ್ಪಿ ಕೂಡುವುದು. ಹಲಗೆಯ ನೆತ್ತಿ ಕಮಾನಾಗಿದ್ದರೆ ಹಳೆಯ ವರ್ತಮಾನಪತ್ರದ ಮೇಲೆ ಗೆರೆ ಎಳೆದುಕೊಳ್ಳದೆ ಬಟ್ಟೆಗೆ ಕತ್ತರಿ ತಾಗಿಸಬೇಡಿರಿ. ಕಟ್ಟುವ ಲಾಡಿಗಳನ್ನು ಅಸ್ತರಕ್ಕೆ ಹೊಲಿಯತಕ್ಕದ್ದು. ಸೆರಗಿಗೆ ಹೊಲಿದರೆ ಎಳೆತವೆಲ್ಲ ಕೊಂಡಿಯ ಮೇಲೆ ಬೀಳುವುದು.

ತಲೆಯ ಎಣ್ಣೆ ಸೆರಗಿಗೂ ತಾಗುವುದಲ್ಲವೇ? ಅದಕ್ಕಾಗಿ ತಲೆ ಒರಗುವಲ್ಲಿ ಒಂದು ಗೇಣು ಅಗಲದ ಬಿಳಿಯ ಹತ್ತಿಯ ಪಟ್ಟಿಯನ್ನು ನಾಲ್ಕು ಟಾಕು ಹಾಕಿ ನಿಲ್ಲಿಸಿರಿ. ವಾರಕ್ಕೊಮ್ಮೆ ಅದನ್ನಷ್ಟೇ ಬಿಚ್ಚಿ ಒಗೆದರಾಯಿತು. ಸೆರಗನ್ನು ವರ್ಷಕ್ಕೊಮ್ಮೆ ಅಂಟುವಾಳದ ತಣ್ಣನೆಯ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿರಿ.

ಕಾಲ ಕಡೆಯ ಹಲಗೆಗೆ ಖಣವನ್ನು ಹಾಕೋಣವೆಂದರೆ ಅದು ಉಡಿ ತುಂಬುವ ಬಟ್ಟೆ. ಅತ್ತೆಯವರು ಅದಕ್ಕೂ ಒಪ್ಪಲಾರರು. ದಪ್ಪ ಕೈಮಗ್ಗದ ಕಪ್ಪು ಇಲ್ಲವೆ ಕಂದು ಬಟ್ಟೆಯೇ ಅಲ್ಲಿಗೆ ತಕ್ಕುದು. ಮಕ್ಕಳ ಕಾಲಿನ ಧೂಳು ಅದರಲ್ಲಿ ಕಾಣದು, ಎಷ್ಟು ಸಲ ಒಗೆದರೂ ಚಿಂತೆಯಿಲ್ಲ. ಬರಿದೆನಿಸಿದರೆ ಅಂಚಿಗೆ ಗವಂತಿ ಕಸೂತಿಯ ಒಂದು ಸಾಲನ್ನು ಹಾಕಿರಿ; ಎಳೆ ಎಣಿಸಿ ಹಾಕುವ ಈ ಕಸೂತಿಯು ಎರಡು ಬದಿಗೂ ಒಂದೇ ಸಮ ಕಾಣುವುದು.

ಸೀರೆಯ ಹರಿದ ಒಡಲನ್ನು ಚೆಲ್ಲದಿರಿ. ಗಟ್ಟಿಯಾದ ತುಂಡುಗಳನ್ನು ಆರಿಸಿ ಇಟ್ಟುಕೊಂಡರೆ ಮಕ್ಕಳಿಗೊಂದು ಕೌದಿಯಾದೀತು. ಕೌದಿಯ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.