ಇಮಾಮ್ ಗಝಾಲಿಯವರನ್ನು ಎಲ್ಲಿಂದ ಓದಬೇಕು?

ಇಮಾಮ್ ಗಝಾಲಿ(ರ)ಯವರ ಹೆಸರು ನಮ್ಮಲ್ಲಿ ಎರಡು ಕಡೆ ಕೇಳಿಬರುತ್ತದೆ. ಒಂದು, ಮತಪ್ರವಚನದ ವೇದಿಕೆ. ಅಲ್ಲಿ ಅವರು ನಾಲಗೆಯ ಕೇಡು, ಕಬರ್‌ನ ಶಿಕ್ಷೆಗಳ ಬಗ್ಗೆ ಎಚ್ಚರಿಸುವ ಹಿರಿಯರು ಮಾತ್ರ. ಇನ್ನೊಂದು, ವಿಚಾರ ಸಂಕಿರಣ. ಅಲ್ಲಿ ಅವರು ಮುಸ್ಲಿಮ್ ಜಗತ್ತಿನಲ್ಲಿ ವಿಜ್ಞಾನದ ಬಾಗಿಲು ಮುಚ್ಚಿಸಿದ ಅಪರಾಧಿ. ಹೊಗಳುವವರು ಮತ್ತು ತೆಗಳುವವರಲ್ಲಿ ಹೆಚ್ಚಿನವರು ಅವರನ್ನು ಓದಿಲ್ಲ. ಓದಿದ ಕೆಲವರೂ ತಪ್ಪು ತುದಿಯಿಂದ ಹಿಡಿದಿದ್ದಾರೆ.

ತೆಗಳುವವರು ಹಿಡಿಯುವುದು 'ತಹಾಫುತುಲ್ ಫಲಾಸಿಫ'ವನ್ನು. ತತ್ವಜ್ಞಾನಿಗಳ ವಾದಗಳನ್ನು 20 ಚರ್ಚೆಗಳಲ್ಲಿ ಖಂಡಿಸುವ ಗ್ರಂಥವದು. ಅವುಗಳಲ್ಲಿ ಮೂರಕ್ಕೆ ಕುಫ್ರ್‌ನ ತೀರ್ಪನ್ನೂ ಕೊಟ್ಟಿದ್ದಾರೆ (ಆ ತೀರ್ಪನ್ನು ಸಮರ್ಥಿಸುವುದು ನಮ್ಮ ಕೆಲಸವಲ್ಲ). ಇವರು ನೇರವಾಗಿ 17ನೆಯ ಚರ್ಚೆಗೆ ಹಾರುತ್ತಾರೆ. ಬೆಂಕಿ ತಾಗಿದಾಗ ಹತ್ತಿ ಉರಿಯುವುದನ್ನು ನಾವು ಕಾಣುತ್ತೇವೆ, ಆದರೆ ಬೆಂಕಿಯಿಂದಲೇ ಉರಿಯಿತು ಎಂಬುದನ್ನು ಕಾಣುವುದಿಲ್ಲ ಎಂಬ ವಾದ ಅಲ್ಲಿದೆ. 'ನೋಡಿ, ಕಾರ್ಯಕಾರಣವನ್ನೇ ಅಲ್ಲಗಳೆದರು!' ಆರೂವರೆ ಶತಮಾನಗಳ ಬಳಿಕ ಸ್ಕಾಟ್ಲೆಂಡಿನ ಹ್ಯೂಮ್ ಇದಕ್ಕೆ ಹತ್ತಿರದ ಪ್ರಶ್ನೆಯನ್ನೇ ಎತ್ತಿದಾಗ ಅದು ಮಹಾ ತತ್ವಜ್ಞಾನವಾಯಿತು. ಇರಲಿ. ಅದೇ ಗ್ರಂಥದ ಪೀಠಿಕೆಯನ್ನಾದರೂ ಇವರು ಓದಬೇಕಿತ್ತು. ಸೂರ್ಯನಿಗೂ ಚಂದ್ರನಿಗೂ ನಡುವೆ ಭೂಮಿ ಬಂದಾಗ ಚಂದ್ರಗ್ರಹಣವಾಗುತ್ತದೆ ಎಂಬುದು ಗಣಿತದಿಂದ ಸಿದ್ಧವಾದ ಮಾತು, ಅದನ್ನು ಅಲ್ಲಗಳೆಯುವುದೇ ಧರ್ಮ ಎಂದುಕೊಂಡವನು ಧರ್ಮಕ್ಕೇ ಹಾನಿ ಮಾಡುತ್ತಾನೆ ಎಂದು ಅಲ್ಲಿ ಗಝಾಲಿಯವರು ಬರೆದಿದ್ದಾರೆ.

ಇನ್ನು ನಮ್ಮವರ ಕಥೆ. 'ಇಹ್ಯಾ ಉಲೂಮಿದ್ದೀನ್'ನಲ್ಲಿ 40 ಭಾಗಗಳಿವೆ. ಪ್ರವಚನಕ್ಕೆ ಬೇಕಾದಷ್ಟನ್ನು ಹೆಕ್ಕಿಕೊಳ್ಳುವ ನಾವು ಮೊಟ್ಟಮೊದಲ ಭಾಗವನ್ನೇ ದಾಟಿಬಿಡುತ್ತೇವೆ. ಅದು ಜ್ಞಾನದ ಕುರಿತಾದದ್ದು. ವೈದ್ಯಶಾಸ್ತ್ರ ಮತ್ತು ಲೆಕ್ಕಶಾಸ್ತ್ರ ಫರ್ಝ್ ಕಿಫಾಯ, ಅಂದರೆ ಊರಿನಲ್ಲಿ ಯಾರೊಬ್ಬರೂ ಕಲಿಯದಿದ್ದರೆ ಇಡೀ ಊರೇ ತಪ್ಪಿತಸ್ಥ ಎಂದು ಅಲ್ಲಿದೆ. ಎಷ್ಟೋ ಊರುಗಳಲ್ಲಿ ಮುಸ್ಲಿಮ್ ವೈದ್ಯನೊಬ್ಬನೂ ಇಲ್ಲ, ಆದರೆ ಎಲ್ಲರೂ ಫಿಕ್‌ಹ್‌ನ ತರ್ಕಕ್ಕೆ ಮುಗಿಬೀಳುತ್ತಾರೆ ಎಂದು ಅವರು ನೊಂದುಕೊಳ್ಳುತ್ತಾರೆ. ಕಾರಣವನ್ನೂ ಮುಚ್ಚಿಡುವುದಿಲ್ಲ. ವಕ್ಫ್‌ನ ಆಡಳಿತ, ಅನಾಥರ ಆಸ್ತಿಯ ಉಸ್ತುವಾರಿ, ಖಾಝಿಯ ಹುದ್ದೆ ವೈದ್ಯಶಾಸ್ತ್ರ ಕಲಿತವನಿಗೆ ಸಿಗುವುದಿಲ್ಲವಲ್ಲ! ಈ ಪುಟವನ್ನು ಯಾವ ಪ್ರವಚನದಲ್ಲಾದರೂ ಓದಿದ್ದನ್ನು ನಾವು ಕೇಳಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? 'ಅಲ್ ಮುನ್ಕಿಝ್ ಮಿನದ್ದಲಾಲ್'ನಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎರಡು ರಾತ್ರಿಗಳಲ್ಲಿ ಮುಗಿಯುವ ಪುಸ್ತಕ. ಅರಬಿ ಬಾರದವರಿಗೆ ಮಾಂಟ್ಗೊಮರಿ ವಾಟ್ 1953ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವಿದೆ. 1091ರಲ್ಲಿ ಬಗ್ದಾದಿನ ನಿಝಾಮಿಯ್ಯಕ್ಕೆ ಬಂದ ಮಹಾ ವಿದ್ವಾಂಸ 1095ರಲ್ಲಿ ಹುದ್ದೆ, ಹೆಸರು ಎಲ್ಲವನ್ನೂ ಬಿಟ್ಟು ಹೊರಟದ್ದೇಕೆ ಎಂಬುದನ್ನು ಅವರ ಬಾಯಿಂದಲೇ ಕೇಳಬಹುದು. ಸುಮಾರು ಆರು ತಿಂಗಳ ತೊಳಲಾಟ, ಪಾಠಕ್ಕೆ ಕುಳಿತರೆ ನಾಲಗೆ ಏಳದು, ಅನ್ನ ಇಳಿಯದು, ವೈದ್ಯರು ಕೈಚೆಲ್ಲಿದರು. ಕೊನೆಗೆ ಮಕ್ಕಾಕ್ಕೆಂದು ಹೇಳಿ, ಮನಸ್ಸಿನಲ್ಲಿ ಶಾಮ್ ದೇಶವನ್ನಿಟ್ಟುಕೊಂಡು ಹೊರಟುಬಿಟ್ಟರು. ಅದಕ್ಕೂ ಹಿಂದಿನ ಸಂಶಯದ ಕಾಲದ ಪುಟಗಳು ಇನ್ನೂ ತೀಕ್ಷ್ಣ. ನೆರಳು ನಿಂತಂತೆ ಕಾಣುತ್ತದೆ, ಆದರೆ ಚಲಿಸುತ್ತಿರುತ್ತದೆ. ನಕ್ಷತ್ರ ದೀನಾರಿನಷ್ಟು ಕಾಣುತ್ತದೆ, ಗಣಿತವೋ ಅದು ಭೂಮಿಗಿಂತ ದೊಡ್ಡದು ಎನ್ನುತ್ತದೆ. ಕಣ್ಣನ್ನೇ ನಂಬಲಾಗದಿದ್ದರೆ ಬುದ್ಧಿಯನ್ನು ನಂಬುವುದು ಹೇಗೆ? ಈ ಪ್ರಶ್ನೆಯೊಂದಿಗೆ ಎರಡು ತಿಂಗಳು ಬದುಕಿದವರನ್ನು ಪ್ರಶ್ನೆಗಳ ಶತ್ರು ಎನ್ನುವವರ ಧೈರ್ಯವನ್ನು ಮೆಚ್ಚಬೇಕು. ಎಲ್ಲ ವಿದ್ಯೆಗಳನ್ನೂ ತಿರಸ್ಕರಿಸಿ ಇಸ್ಲಾಮನ್ನು ಕಾಪಾಡಲು ಹೊರಡುವ 'ಅಜ್ಞಾನಿ ಮಿತ್ರ'ನ ಪರಿಚಯವೂ ಇದೇ ಪುಸ್ತಕದಲ್ಲಿದೆ. ಅವನು ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಸಿಗುತ್ತಾನೆ.

ಆಮೇಲೆ ಇಹ್ಯಾದ ಮೊದಲ ಭಾಗ. ಅದಾದ ಬಳಿಕವೇ ತಹಾಫುತ್, ಅದೂ ಪೀಠಿಕೆಯಿಂದ. ಅಲ್ಲಿಗೇ ನಿಂತರೆ ಅನ್ಯಾಯವಾಗುತ್ತದೆ. ಎದುರು ವಾದಿಸಿದ ಇಬ್ನು ರುಶ್ದ್ (1126–1198) ಕೂಡ ನಮ್ಮವರೇ, ಖಾಝಿಯಾಗಿದ್ದವರು. ಅಶ್‌ಅರಿಗಳ ಜೊತೆ ಅಶ್‌ಅರಿ, ಸೂಫಿಗಳ ಜೊತೆ ಸೂಫಿ, ತತ್ವಜ್ಞಾನಿಗಳ ಜೊತೆ ತತ್ವಜ್ಞಾನಿ ಎಂದು ಗಝಾಲಿಯವರನ್ನು ಚುಚ್ಚಿದ್ದು ಅವರೇ. ಅವರಲ್ಲೂ ಮೊದಲು ಓದಬೇಕಾದದ್ದು ಪುಟ್ಟ 'ಫಸ್ಲುಲ್ ಮಖಾಲ್'. ಬಲಿ ಕೊಡುವಾಗ ಚೂರಿ ಸರಿಯಾಗಿದೆಯೇ ಎಂದು ನೋಡುತ್ತೇವೆಯೇ ಹೊರತು ಅದು ನಮ್ಮ ಧರ್ಮದವರದ್ದೇ ಎಂದು ಕೇಳುವುದಿಲ್ಲ, ಗ್ರೀಕರ ತರ್ಕಶಾಸ್ತ್ರವೂ ಹಾಗೆಯೇ ಎಂದು ಅದರಲ್ಲಿ ವಾದಿಸುತ್ತಾರೆ. ತಹಾಫುತ್‌ಗೆ ಅವರು ಬರೆದ ದೊಡ್ಡ ಉತ್ತರ 'ತಹಾಫುತುತ್ತಹಾಫುತ್' ಕೊನೆಗಿರಲಿ. ಅದರ ಮೊದಲ ಚರ್ಚೆ, ಜಗತ್ತು ಅನಾದಿಯೇ ಎಂಬುದು, ಬಹಳ ಉದ್ದ ಮತ್ತು ಕಠಿಣ. ಅಲ್ಲಿ ಸಿಕ್ಕಿಹಾಕಿಕೊಂಡವರು ಅದನ್ನು ಬದಿಗಿಟ್ಟು 17ನೆಯದಕ್ಕೆ ಹೋಗಬಹುದು. ಅಷ್ಟು ಹೊತ್ತಿಗೆ ಆ ಹತ್ತಿ, ಬೆಂಕಿಯ ಜಗಳದಲ್ಲಿ ಇಬ್ಬರ ಮಾತೂ ಅರ್ಥವಾಗತೊಡಗಿರುತ್ತದೆ.